ಎಚ್ಚರ ಇರುವಾಗಲೇ ನಾಯಿ, ಬೆಕ್ಕಿನ ಹಲ್ಲು ಕ್ಲೀನಿಂಗ್: ನನ್ನ ಕ್ಲಿನಿಕ್‌ನಲ್ಲಿ ಶುರು ಮಾಡಲೇ?

ಪ್ರಶ್ನೆ: ನಾನು ಪಶುವೈದ್ಯೆ. ಸ್ವಂತ ಕ್ಲಿನಿಕ್ ತೆರೆದು ನಾಲ್ಕು ವರ್ಷ ಆಯಿತು. ಅರಿವಳಿಕೆ ಇಲ್ಲದೆ ನಾಯಿ, ಬೆಕ್ಕುಗಳ ಹಲ್ಲು ಕ್ಲೀನ್ ಮಾಡುವ ಒಂದು ತಂಡ ಇದೆ. ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬಂದು ಕೆಲಸ ಮಾಡಿಕೊಡುತ್ತೇವೆ, ಬಂದದ್ದರಲ್ಲಿ ನಿಮಗೂ ಪಾಲು ಎನ್ನುತ್ತಿದ್ದಾರೆ. ಮೊದಲು ನಾನು ಬಾಯಿ ನೋಡಿ, ಸರಿ ಅನಿಸಿದ ಪ್ರಾಣಿಗಳನ್ನು ಮಾತ್ರ ಅವರಿಗೆ ಒಪ್ಪಿಸಬೇಕಂತೆ. ಅರಿವಳಿಕೆ ಅಂದ ಕೂಡಲೇ ಎಷ್ಟೋ ಜನ ‘ಬೇಡ ಡಾಕ್ಟ್ರೇ’ ಎಂದು ಎದ್ದು ಹೋಗುತ್ತಾರೆ. ಏನೂ ಮಾಡದೆ ಇರುವುದಕ್ಕಿಂತ ಇಷ್ಟಾದರೂ ಮಾಡುವುದು ವಾಸಿ ಅಲ್ವಾ?

ಉತ್ತರ: ವಾಸಿ ಅಲ್ಲ. ಬೇಡ ಎಂದೇ ಹೇಳುತ್ತೇನೆ. ಆದರೆ ನಿಮ್ಮ ಕೊನೆಯ ಸಾಲನ್ನು ಹಗುರವಾಗಿ ತಳ್ಳಿಹಾಕಲಾರೆ. ಅದೇ ಮಾತು ನನ್ನ ಬಾಯಲ್ಲೂ ಒಂದು ಕಾಲಕ್ಕೆ ಇತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಲಸಿಕೆಗೆಂದು ಬಂದ ನಾಯಿ ಸಾಧು ಸ್ವಭಾವದ್ದಾದರೆ ತುಟಿ ಎತ್ತಿ, ಮೇಲಿನ ದೊಡ್ಡ ದವಡೆ ಹಲ್ಲಿನ ಮೇಲೆ ಕಟ್ಟಿದ ಕಿಟ್ಟವನ್ನು ಇಕ್ಕಳದಲ್ಲಿ ಹಿಡಿದು ಚಟ್ ಅಂತ ಮುರಿಯುತ್ತಿದ್ದೆ. ಚಿಪ್ಪಿನ ಹಾಗೆ ಒಂದೇ ತುಂಡಾಗಿ ಬರುತ್ತಿತ್ತು. ಕೆಳಗೆ ಬಿಳಿ ಹಲ್ಲು ಕಾಣುತ್ತಿತ್ತು. ಮನೆಯವರ ಮುಖ ಅರಳುತ್ತಿತ್ತು, ನನಗೂ ಏನೋ ಸಾಧಿಸಿದ ಖುಷಿ. ಆ ನಾಯಿಗಳಲ್ಲಿ ಎಷ್ಟು ಮತ್ತೆ ಬಾಯಿ ತೋರಿಸಲು ಬಂದವು ಎಂದು ಈಗ ಯೋಚಿಸಿದರೆ ಮುಜುಗರ ಆಗುತ್ತದೆ. ಬರಲು ಕಾರಣವನ್ನೇ ನಾನು ಕಿತ್ತು ಕೈಗೆ ಕೊಟ್ಟಿದ್ದೆನಲ್ಲ!

ವಿಷಯದ ತಿರುಳು ಇದೇ. ಹಲ್ಲಿನ ಮೇಲೆ ಕಾಣುವ ಆ ಕಂದು ಕಿಟ್ಟ, ಅಂದರೆ ಟಾರ್ಟರ್, ಅದೇ ಕಾಯಿಲೆ ಅಲ್ಲ. ಕಾಯಿಲೆ ಇರಬಹುದು ಎಂದು ಹೇಳುವ ಬೋರ್ಡು. ನೋಡಿದವರಿಗೆ ಅಸಹ್ಯ ಆಗುತ್ತದೆ, ಬಾಯಿ ವಾಸನೆ ಬರುತ್ತದೆ, ಆಗ ವೈದ್ಯರ ಹತ್ತಿರ ಬರುತ್ತಾರೆ. ಬೋರ್ಡು ಕಿತ್ತು ಒಳಗಿನದನ್ನು ಹಾಗೇ ಬಿಟ್ಟರೆ ಆಮೇಲೆ ಬರುವವರು ಯಾರು? ‘ಮೇಲೆ ಥಳುಕು, ಒಳಗೆ ಹುಳುಕು’ ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಹುಳುಕು ಇರುವುದು ಹಲ್ಲಿನಲ್ಲಿ ಅಲ್ಲ, ವಸಡಿನ ಕೆಳಗೆ, ಅಷ್ಟೇ ವ್ಯತ್ಯಾಸ.

ನಿಮಗೆ ಗೊತ್ತಿರುವ ಸಂಗತಿಯೇ, ಆದರೂ ಮನೆಯವರಿಗೆ ಹೇಳಲು ಅನುಕೂಲವಾಗಲಿ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹಲ್ಲು ಎಷ್ಟೇ ಚೆನ್ನಾಗಿ ಉಜ್ಜಿದರೂ ಒಂದು ದಿನದೊಳಗೆ ಅದರ ಮೇಲೆ ಬ್ಯಾಕ್ಟೀರಿಯಾಗಳ ತೆಳ್ಳನೆ ಜಿಗುಟು ಪದರ ಕೂರುತ್ತದೆ. ಅದು ಪ್ಲಾಕ್. ಎರಡು ಮೂರು ದಿನ ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜ ಸೇರಿ ಗಟ್ಟಿಯಾಗುತ್ತದೆ. ಅದು ಟಾರ್ಟರ್. ಹಾನಿ ಮಾಡುವುದು ಗಟ್ಟಿಯಾದ ಕಿಟ್ಟಕ್ಕಿಂತ ಜಾಸ್ತಿ ಆ ಜಿಗುಟು ಪದರ, ಅದರಲ್ಲೂ ವಸಡಿನ ಅಂಚಿನ ಕೆಳಗೆ ಇಳಿದದ್ದು. ಹಲ್ಲಿಗೂ ವಸಡಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಆರೋಗ್ಯವಾಗಿರುವ ನಾಯಿಯಲ್ಲಿ ಅದರ ಆಳ 3 ಮಿಲಿಮೀಟರ್ ಮೀರುವುದಿಲ್ಲ. ಬೆಕ್ಕಿನಲ್ಲಿ 1 ಮಿಲಿಮೀಟರ್ ಒಳಗೇ. ಆ ಸಂದಿಗೆ ಬ್ಯಾಕ್ಟೀರಿಯಾ ಇಳಿದರೆ ದೇಹ ಅದರ ಜೊತೆ ಜಗಳಕ್ಕೆ ಇಳಿಯುತ್ತದೆ. ಆ ಜಗಳದಲ್ಲಿ ಹಲ್ಲನ್ನು ಹಿಡಿದಿಟ್ಟ ನಾರು ಕಳಚುತ್ತದೆ, ಎಲುಬು ಕರಗುತ್ತದೆ. ವಸಡು ಮಾತ್ರ ಊತದಿಂದ ಮೊದಲಿನ ಎತ್ತರದಲ್ಲೇ ನಿಂತಿರಬಹುದು. ಹಾಗಾಗಿ ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗೇ ಇದ್ದ ಹಾಗೆ.

ಎಚ್ಚರ ಇರುವ ಪ್ರಾಣಿಯಲ್ಲಿ ಆ ಸಂದಿನೊಳಗೆ ಕೆಲಸ ಮಾಡಲು ಆಗುವುದಿಲ್ಲ. ಎಷ್ಟೇ ಪಳಗಿದ ಕೈ ಇರಲಿ, ಆಗುವುದಿಲ್ಲ. ಉರಿಯುತ್ತಿರುವ ವಸಡಿನ ಕೆಳಗೆ ಚೂಪಾದ ಉಕ್ಕಿನ ಉಪಕರಣ ಹಾಕಿದರೆ ನಾವೇ ಕುರ್ಚಿಯಿಂದ ಹಾರುತ್ತೇವೆ. ನಮಗಾದರೆ ಯಾಕೆ ಹಾಕುತ್ತಿದ್ದಾರೆ ಅಂತ ಗೊತ್ತು.

ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಪ್ರತಿ ಹಲ್ಲಿನ ಸುತ್ತ ಹಲವು ಕಡೆ ಪ್ರೋಬ್, ಅಂದರೆ ಅಳತೆ ಗುರುತಿರುವ ಸಣ್ಣ ಕಡ್ಡಿ, ಇಳಿಸಿ ಆಳ ನೋಡಬೇಕು. ನಾಲಿಗೆ ಕಡೆಯ ಮೈ ನೋಡಬೇಕು. ಬಾಯಿಯ ಹಿಂಬದಿಯ ಕೊನೆಯ ದವಡೆ ಹಲ್ಲು ನೋಡಬೇಕು. ಎಚ್ಚರ ಇರುವ ನಾಯಿ ಹೊರಗಿನ ಮೈಯನ್ನು, ಅದೂ ಮುಂದಿನ ಭಾಗವನ್ನು ಕೆರೆಯಲು ಬಿಟ್ಟೀತು. ಜನಕ್ಕೆ ಕಾಣುವುದೂ ಅದೇ ಭಾಗ. ಈ ವ್ಯವಹಾರ ನಿಂತಿರುವುದೇ ಅದರ ಮೇಲೆ.

ನನ್ನ ಮನಸ್ಸು ಪೂರ್ತಿ ಬದಲಾದದ್ದು ಡ್ಯಾಶ್‌ಹಂಡ್ ತಳಿಯ ಒಂದು ನಾಯಿಯಿಂದ. ಒಂಬತ್ತು ವರ್ಷ, ಗಂಡು. ಮೂರು ವರ್ಷದಿಂದ ಆರು ತಿಂಗಳಿಗೊಮ್ಮೆ ಎಚ್ಚರದಲ್ಲೇ ಹಲ್ಲು ಕ್ಲೀನ್ ಮಾಡಿಸುತ್ತಿದ್ದರು. ಎಲ್ಲಿ ಅನ್ನುವುದು ಬೇಡ. ನನ್ನ ಹತ್ತಿರ ತಂದದ್ದು ಬಾಯಿ ತೋರಿಸಲು ಅಲ್ಲ. ಆಗಾಗ ಸೀನುತ್ತಾನೆ, ಬಲ ಮೂಗಿನಿಂದ ಮಾತ್ರ ಸಿಂಬಳ ಬರುತ್ತದೆ, ಅಲರ್ಜಿ ಇರಬೇಕು ಎಂದು. ತುಟಿ ಎತ್ತಿದರೆ ಹಲ್ಲುಗಳು ಮುತ್ತಿನ ಹಾಗೆ. ನಾನೂ ಅರೆಗಳಿಗೆ ಮೋಸ ಹೋದೆ. ಆದರೆ ಉದ್ದ ಮೂತಿಯ ಡ್ಯಾಶ್‌ಹಂಡ್, ಒಂದೇ ಹೊಳ್ಳೆಯಿಂದ ಸಿಂಬಳ ಅಂದಾಗ ಅನುಮಾನ ಹೋಗಬೇಕಾದದ್ದು ಕೋರೆಹಲ್ಲಿನ ಕಡೆಗೆ.

ಅರಿವಳಿಕೆ ಕೊಟ್ಟು ಮಲಗಿಸಿದೆವು. ಬಲಗಡೆ ಮೇಲಿನ ಕೋರೆಹಲ್ಲಿನ ಹೊರ ಮೈಯಲ್ಲಿ ಪ್ರೋಬ್ 2 ಮಿಲಿಮೀಟರ್‌ಗೆ ನಿಂತಿತು. ಅಂಗುಳದ ಕಡೆಯಿಂದ ಇಳಿಸಿದೆ. 4, 6, 9... ತಳ ಸಿಗಲೇ ಇಲ್ಲ. ಹೊರಗೆ ತೆಗೆಯುವಷ್ಟರಲ್ಲಿ ಮೂಗಿನ ಹೊಳ್ಳೆಯಿಂದ ಒಂದು ಹನಿ ರಕ್ತ ಜಾರಿ ಕೆಳಗೆ ಹಾಸಿದ ಟವೆಲ್ ಮೇಲೆ ಬಿತ್ತು. ಬೇರು ಮತ್ತು ಮೂಗಿನ ನಡುವಿನ ತೆಳು ಎಲುಬು ಕರಗಿ ಬಾಯಿಗೂ ಮೂಗಿಗೂ ದಾರಿಯಾಗಿತ್ತು. ಎಕ್ಸ್‌ರೇ ತೆಗೆದಾಗ ಇನ್ನೂ ಏಳು ಹಲ್ಲುಗಳ ಬೇರಿನ ಸುತ್ತ ಅರ್ಧಕ್ಕಿಂತ ಜಾಸ್ತಿ ಎಲುಬು ಕರಗಿಹೋಗಿತ್ತು. ಎಂಟು ಹಲ್ಲು ಕಿತ್ತು, ಆ ತೂತನ್ನು ವಸಡಿನ ಮಡಿಕೆ ತಂದು ಹೊಲಿದೆವು. ಸಂಜೆ ಮನೆಯಾಕೆ ಬಂದು ಎಕ್ಸ್‌ರೇ ನೋಡಿ ಕೇಳಿದ್ದು ಒಂದೇ ಮಾತು: ‘ಪ್ರತಿ ಸಲ ಚೆನ್ನಾಗಿದೆ ಅಂತ ಹೇಳಿ ಕಳಿಸ್ತಿದ್ರಲ್ಲಾ?’

ಆ ಕ್ಲೀನಿಂಗ್‌ನಿಂದ ಕಾಯಿಲೆ ಬಂತು ಎಂದು ನಾನು ಹೇಳುತ್ತಿಲ್ಲ. ಅದು ಹೇಗೂ ಬರುತ್ತಿತ್ತೇನೋ. ಆದರೆ ಮೂರು ವರ್ಷ ಆಕೆಗೆ ‘ನೋಡಿಕೊಳ್ಳುತ್ತಿದ್ದೇನೆ’ ಎಂಬ ಸಮಾಧಾನ ಕೊಟ್ಟದ್ದು ಆ ಬಿಳಿ ಹಲ್ಲುಗಳೇ. ಕಿಟ್ಟ ಹಾಗೇ ಇದ್ದಿದ್ದರೆ ವಾಸನೆ ತಡೆಯಲಾರದೆ ಎರಡು ವರ್ಷ ಮೊದಲೇ ಬರುತ್ತಿದ್ದರು. ‘ಏನೂ ಮಾಡದೆ ಇರುವುದಕ್ಕಿಂತ ವಾಸಿ’ ಅನ್ನುವ ಮಾತು ಇಲ್ಲಿ ತಲೆಕೆಳಗಾಗುತ್ತದೆ.

ಈಗ ಆ ತಂಡದವರ ಜಾಣ ಷರತ್ತಿಗೆ ಬರೋಣ. ನೀವು ಮೊದಲು ನೋಡಿ, ಬಾಯಿ ಚೆನ್ನಾಗಿರುವ ಪ್ರಾಣಿಗಳನ್ನು ಮಾತ್ರ ಕೊಡಬೇಕು. ಕೇಳಲು ನ್ಯಾಯವಾಗೇ ಇದೆ. ಆದರೆ ಚೆನ್ನಾಗಿದೆ ಎಂದು ಹೇಳುವುದು ಹೇಗೆ? 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅರಿವಳಿಕೆ ಕೊಟ್ಟು ಪರೀಕ್ಷಿಸಿ ಏನೂ ತೊಂದರೆ ಕಾಣದ ಹಲ್ಲುಗಳಿಗೂ ಎಕ್ಸ್‌ರೇ ತೆಗೆದು ನೋಡಿದ್ದರು. ಅಂಥ ನಾಯಿಗಳಲ್ಲಿ 27.8 ಶೇಕಡಾ, ಬೆಕ್ಕುಗಳಲ್ಲಿ 41.7 ಶೇಕಡಾ ಪ್ರಕರಣಗಳಲ್ಲಿ ಚಿಕಿತ್ಸೆಗೆ ಮುಖ್ಯವಾದ ಏನೋ ಒಂದು ಸಿಕ್ಕಿತು. ಗಮನಿಸಿ, ಅದು ಅರಿವಳಿಕೆಯಲ್ಲಿ ಪ್ರೋಬ್ ಹಾಕಿ ನೋಡಿದ ಮೇಲಿನ ಮಾತು. ಮೇಜಿನ ಮೇಲೆ ಒದ್ದಾಡುವ ಬೆಕ್ಕಿನ ತುಟಿ ಎತ್ತಿ ಎರಡು ಸೆಕೆಂಡ್ ನೋಡಿದ್ದಲ್ಲ. ಬೆಕ್ಕುಗಳಲ್ಲಂತೂ ಹಲ್ಲು ತಾನಾಗೇ ಬೇರಿನಿಂದ ಕರಗುತ್ತಾ ಬರುವ ಕಾಯಿಲೆ ಬಹಳ ಸಾಮಾನ್ಯ. ವಸಡಿನ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅದರ ಮೇಲೆ ಕಿಟ್ಟ ಕೆರೆಯುವ ಉಪಕರಣ, ಅಂದರೆ ಸ್ಕೇಲರ್, ತಾಗಿದರೆ ಆಗುವ ನೋವು ಸಾಮಾನ್ಯದ್ದಲ್ಲ. ಅರಿವಳಿಕೆಯಲ್ಲಿರುವ ಬೆಕ್ಕಿನ ದವಡೆಯೇ ಪಟಪಟ ಅದುರುವುದನ್ನು ನೀವೂ ನೋಡಿರುತ್ತೀರಿ.

ಹಾಗಾಗಿ ವೈದ್ಯರ ಮೇಲ್ವಿಚಾರಣೆ ಇದೆ ಎನ್ನುವುದರಿಂದ ಬದಲಾಗುವುದು ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದು ಮಾತ್ರ. ವಸಡಿನ ಕೆಳಗೆ ಏನು ಮಾಡಬಹುದು ಎಂಬುದು ಬದಲಾಗುವುದಿಲ್ಲ. ಒಂದು ರೀತಿಯಲ್ಲಿ ಇದು ಇನ್ನೂ ಕೆಟ್ಟದ್ದು. ಗ್ರೂಮಿಂಗ್ ಅಂಗಡಿಯಲ್ಲಿ ಮಾಡಿಸಿದರೆ ಜನ ಅದನ್ನು ಸ್ನಾನ, ಉಗುರು ಕತ್ತರಿಸುವುದರ ಸಾಲಿಗೆ ಸೇರಿಸುತ್ತಾರೆ. ನಿಮ್ಮ ಕ್ಲಿನಿಕ್‌ನಲ್ಲಿ ಮಾಡಿಸಿದರೆ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಕೇಸ್ ಶೀಟಿನಲ್ಲಿ ‘ಡೆಂಟಲ್ ಆಗಿದೆ’ ಎಂದು ಬರೆದಿರುತ್ತದೆ. ಮುಂದೆ ತೊಂದರೆಯಾದರೆ ಅದರ ಕೆಳಗಿನ ಸಹಿ ನಿಮ್ಮದು. ನಿಮ್ಮಲ್ಲಿನ ಕಾನೂನು ಏನೇ ಹೇಳಲಿ, ಮನೆಯವರು ಕೇಳುವುದು ನಿಮ್ಮನ್ನೇ.

ವೃತ್ತಿ ಸಂಘಗಳ ನಿಲುವು ಈ ವಿಷಯದಲ್ಲಿ ಗಟ್ಟಿ. ಅಮೆರಿಕನ್ ವೆಟರ್ನರಿ ಡೆಂಟಲ್ ಕಾಲೇಜು ಇದನ್ನು ‘ವೃತ್ತಿಪರವಲ್ಲದ ಹಲ್ಲು ಕೆರೆತ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತದೆ. ಅಮೆರಿಕನ್ ಅನಿಮಲ್ ಹಾಸ್ಪಿಟಲ್ ಅಸೋಸಿಯೇಷನ್ 2013ರ ಮಾರ್ಗಸೂಚಿಯಲ್ಲಿ ಜನರಲ್ ಅನಸ್ತೇಶಿಯಾ (ಪೂರ್ತಿ ಅರಿವಳಿಕೆ) ಮತ್ತು ಶ್ವಾಸನಾಳಕ್ಕೆ ಟ್ಯೂಬ್ ಬೇಕೇ ಬೇಕು ಎಂದಿತು, 2019ರಲ್ಲೂ ಅದನ್ನೇ ಹೇಳಿತು. ನಾಯಿ, ಬೆಕ್ಕಿನಂಥ ಸಣ್ಣ ಪ್ರಾಣಿಗಳ ವೈದ್ಯರ ಜಾಗತಿಕ ಸಂಘಟನೆಯಾದ ಡಬ್ಲ್ಯುಎಸ್‌ಎವಿಎ ಕೂಡ ತನ್ನ ಹಲ್ಲಿನ ಮಾರ್ಗಸೂಚಿಯಲ್ಲಿ ಎಚ್ಚರದ ಕ್ಲೀನಿಂಗ್ ಬೇಡ ಎಂದಿದೆ.

ಪಾಲಿಶ್ ಬಗ್ಗೆ ಒಂದು ಮಾತು. ಸ್ಕೇಲರ್‌ನಿಂದ ಕೆರೆದ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಗೀರುಗಳು ಉಳಿಯುತ್ತವೆ. ಸರಿಯಾಗಿ ಪಾಲಿಶ್ ಮಾಡದಿದ್ದರೆ ಆ ಒರಟು ಜಾಗಕ್ಕೆ ಪ್ಲಾಕ್ ಇನ್ನೂ ಬೇಗ ಹಿಡಿಯುತ್ತದೆ. ‘ನಾಲ್ಕೇ ತಿಂಗಳಿಗೆ ಮತ್ತೆ ಕಟ್ಟಿಕೊಂಡಿತು’ ಎಂದು ಜನ ದೂರುವುದಕ್ಕೆ ಇದೂ ಒಂದು ಕಾರಣ. ಅಲ್ಟ್ರಾಸೋನಿಕ್ ಸ್ಕೇಲರ್ ಬಳಸಿದರಂತೂ ನೀರು, ಕಿಟ್ಟದ ಪುಡಿ, ಬ್ಯಾಕ್ಟೀರಿಯಾ ಎಲ್ಲ ಗಂಟಲಿಗೆ ಇಳಿಯುತ್ತವೆ. ಟ್ಯೂಬ್ ಹಾಕುವುದು ಅರಿವಳಿಕೆಯ ಗ್ಯಾಸ್ ಕೊಡಲು ಮಾತ್ರ ಅಲ್ಲ, ಶ್ವಾಸಕೋಶಕ್ಕೆ ಬಾಗಿಲು ಹಾಕಲು ಕೂಡ.

ಇದೇ ಕಾರಣಕ್ಕೆ ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂದು ಸ್ವಲ್ಪ ಸೆಡೇಶನ್, ಅಂದರೆ ಮಂಪರು ಬರಿಸುವ ಔಷಧಿ, ಕೊಟ್ಟು, ಟ್ಯೂಬ್ ಹಾಕದೆ ಮಾಡಿ ಮುಗಿಸುವ ದಾರಿಗೂ ಹೋಗಬೇಡಿ. ಅಲ್ಲಿ ಅರಿವಳಿಕೆಯ ಅಪಾಯ ಉಂಟು, ಅದರ ರಕ್ಷಣೆ ಇಲ್ಲ. ಮೂರರಲ್ಲಿ ನನಗೆ ಹೆಚ್ಚು ಭಯ ಇರುವುದು ಈ ನಡುದಾರಿಯದ್ದೇ.

ಇನ್ನು ಮನೆಯವರ ಭಯ. ಅದು ಸುಮ್ನೆ ಹುಟ್ಟಿದ್ದಲ್ಲ. ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂದು ಬೆನ್ನು ತಟ್ಟಿದರೆ ಹೋಗುವುದೂ ಇಲ್ಲ. ನಾನು ಅಂಕಿಯನ್ನೇ ಮುಂದಿಡುತ್ತೇನೆ. ಬ್ರಿಟನ್‌ನಲ್ಲಿ 117 ಪಶು ಆಸ್ಪತ್ರೆಗಳಿಂದ ಸುಮಾರು 98,000 ನಾಯಿ, 79,000 ಬೆಕ್ಕುಗಳ ಲೆಕ್ಕ ಹಿಡಿದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಆರೋಗ್ಯವಾಗಿದ್ದ ನಾಯಿಗಳಲ್ಲಿ ಅರಿವಳಿಕೆ ಸಂಬಂಧದ ಸಾವು 0.05 ಶೇಕಡಾ, ಅಂದರೆ ಸುಮಾರು 2,000ಕ್ಕೆ ಒಂದು. ಬೆಕ್ಕುಗಳಲ್ಲಿ 0.11 ಶೇಕಡಾ. ಆದರೆ ಕಾಯಿಲೆ ಬಿದ್ದಿದ್ದ ಪ್ರಾಣಿಗಳಲ್ಲಿ ಈ ಸಂಖ್ಯೆ ನಾಯಿಗೆ 1.33, ಬೆಕ್ಕಿಗೆ 1.40 ಶೇಕಡಾಕ್ಕೆ ಏರಿತ್ತು. ಈ ಎರಡನೇ ಸಾಲನ್ನು ಮುಚ್ಚಿಡಬೇಡಿ. ಅದೇ ನಿಮ್ಮ ವಾದದ ಬಲ. ವಯಸ್ಸು ಚಿಕ್ಕದಿದ್ದಾಗ, ಕಿಡ್ನಿ, ಹೃದಯ ಚೆನ್ನಾಗಿರುವಾಗ ಮಾಡಿಸಿದರೆ ಅಪಾಯ ಅಷ್ಟು ಕಡಿಮೆ. ಎಚ್ಚರದ ಕ್ಲೀನಿಂಗ್ ಮಾಡಿಸುತ್ತಾ ಆರೇಳು ವರ್ಷ ತಳ್ಳಿದರೆ, ಕೊನೆಗೊಂದು ದಿನ ಅರಿವಳಿಕೆ ಕೊಡಲೇಬೇಕಾಗುತ್ತದೆ. ಆಗ ನಾಯಿಗೆ ಹನ್ನೆರಡು ವರ್ಷ, ಅರ್ಧ ಗಂಟೆಯ ಬದಲು ಮೂರು ಗಂಟೆಯ ಕೆಲಸ. ಅರಿವಳಿಕೆಯಿಂದ ಯಾರೂ ತಪ್ಪಿಸಿಕೊಂಡ ಹಾಗಾಗಲಿಲ್ಲ, ಅದನ್ನು ಕೆಟ್ಟ ಕಾಲಕ್ಕೆ ಮುಂದೂಡಿದ ಹಾಗಾಯಿತು.

ಅದೇ ಅಧ್ಯಯನ ತೋರಿಸಿದ ಇನ್ನೊಂದು ಸಂಗತಿ ನಮಗೆ, ವೈದ್ಯರಿಗೆ, ಪಾಠ. ಸಾವುಗಳಲ್ಲಿ ದೊಡ್ಡ ಪಾಲು ಕೆಲಸ ಮುಗಿದ ಮೇಲೆ, ಅದರಲ್ಲೂ ಮೊದಲ ಮೂರು ಗಂಟೆಯೊಳಗೆ ಆಗಿತ್ತು. ಟ್ಯೂಬ್ ತೆಗೆದ ಕೂಡಲೇ ಪ್ರಾಣಿಯನ್ನು ಗೂಡಿಗೆ ಸೇರಿಸಿ ಮುಂದಿನ ಕೇಸಿಗೆ ಓಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ ಹೇಳಿ! ಒಬ್ಬರನ್ನು ಪಕ್ಕದಲ್ಲಿ ಕೂರಿಸಿ. ಹಲ್ಲಿನ ಕೆಲಸದಲ್ಲಿ ತಲೆ ಪೂರ್ತಿ ಒದ್ದೆಯಾಗುತ್ತದೆ, ಚಿಕ್ಕ ಪ್ರಾಣಿಗಳ ಮೈ ಬೇಗ ತಣ್ಣಗಾಗುತ್ತದೆ, ಹಾಗಾಗಿ ಶುರುವಿನಿಂದಲೇ ಬೆಚ್ಚಗಿಡಿ. ರಕ್ತದೊತ್ತಡ ಮತ್ತು ಕಾರ್ಬನ್ ಡೈ ಆಕ್ಸೈಡ್ ನೋಡುವ ಮಾನಿಟರ್ ಇಲ್ಲದೆ ಉದ್ದದ ಡೆಂಟಲ್ ಕೈಗೆತ್ತಿಕೊಳ್ಳಬೇಡಿ. ಹಲ್ಲು ಕೀಳುವಾಗ ನರಕ್ಕೆ ಲೋಕಲ್ ಬ್ಲಾಕ್ (ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರೆ ಗ್ಯಾಸ್ ಕಡಿಮೆ ಸಾಕು. ಬೆಕ್ಕಿನ ಬಾಯಿ ತೆರೆದಿಡಲು ಸ್ಪ್ರಿಂಗ್ ಗ್ಯಾಗ್ ಬಳಸಲೇಬೇಡಿ. ದವಡೆ ಅತಿಯಾಗಿ ತೆರೆದರೆ ಮೆದುಳು, ಕಣ್ಣಿಗೆ ಹೋಗುವ ರಕ್ತ ಕಡಿಮೆಯಾಗಿ ಕುರುಡಾದ ಬೆಕ್ಕುಗಳಿವೆ. ಮಗ್ಗುಲು ಬದಲಿಸುವಾಗ ಟ್ಯೂಬನ್ನು ಮೆಷಿನ್‌ನಿಂದ ಬಿಡಿಸಿಯೇ ತಿರುಗಿಸಿ, ಬೆಕ್ಕಿನ ಶ್ವಾಸನಾಳ ಸೀಳುವುದು ಇಂಥ ಅವಸರದಲ್ಲೇ.

ಮನೆಯವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ತೋರಿಸಿದರೆ ಸಾಕು. ‘ಇದು ಮಾನಿಟರ್, ಇವರು ನಿಮ್ಮ ನಾಯಿ ತಲೆ ಎತ್ತಿ ನೋಡುವ ತನಕ ಪಕ್ಕದಲ್ಲೇ ಇರುತ್ತಾರೆ’ ಎಂದು ಆ ನರ್ಸನ್ನು ಪರಿಚಯ ಮಾಡಿಸಿ. ನನ್ನ ಅನುಭವದಲ್ಲಿ ಕರಪತ್ರಕ್ಕಿಂತ ಇದು ಕೆಲಸ ಮಾಡುತ್ತದೆ.

ಇಷ್ಟಾದರೂ ಬೇಡ ಅನ್ನುವವರು ಇರುತ್ತಾರೆ. ಅವರಿಗೆ ಕೊಡಲು ನಿಮ್ಮಲ್ಲಿ ಏನಾದರೂ ಇರಬೇಕು, ಬರಿಗೈಯಲ್ಲಿ ಕಳಿಸಬಾರದು. ಅದು ಬ್ರಶ್. ತಮಾಷೆ ಅಲ್ಲ. ಆರು ತಿಂಗಳಿಗೊಮ್ಮೆ ಕಿಟ್ಟ ಕೆರೆದರೆ ಮರುದಿನವೇ ಪ್ಲಾಕ್ ವಾಪಸ್. ದಿನಾ ಬ್ರಶ್ ಮಾಡಿದರೆ ಪ್ಲಾಕ್ ಗಟ್ಟಿಯಾಗಲು ಪುರುಸೊತ್ತೇ ಸಿಗುವುದಿಲ್ಲ. ಆ ತಂಡಕ್ಕೆ ಕೊಡಬೇಕೆಂದಿದ್ದ ತಿಂಗಳ ಒಂದು ದಿನವನ್ನು ಹಲ್ಲಿನ ದಿನ ಎಂದು ಮಾಡಿ. ಅರಿವಳಿಕೆ ಇಲ್ಲ, ಕೆರೆಯುವುದೂ ಇಲ್ಲ. ತುಟಿ ಎತ್ತಿ ನೋಡುವುದು, ಎರಡೂ ಕಡೆ ಫೋಟೊ ತೆಗೆದು ಹಳೆಯದರ ಪಕ್ಕ ಇಟ್ಟು ತೋರಿಸುವುದು, ವಾಸನೆ ನೋಡುವುದು, ಬ್ರಶ್ ಮಾಡಲು ಕಲಿಸುವುದು. ಇದು ಎಚ್ಚರದಲ್ಲೇ ಮಾಡಬಹುದಾದ ಪ್ರಾಮಾಣಿಕ ಸೇವೆ. ಇದಕ್ಕೆ ಫೀಸು ತೆಗೆದುಕೊಳ್ಳಲು ಸಂಕೋಚ ಬೇಡ.

ಕಲಿಸುವಾಗ ಜನ ಮಾಡುವ ತಪ್ಪು ಅವಸರ. ಮೊದಲ ದಿನವೇ ಬ್ರಶ್ ತುರುಕಿದರೆ ಅಲ್ಲಿಗೆ ಮುಗಿಯಿತು. ಮೊದಲ ವಾರ ತುಟಿ ಮುಟ್ಟುವುದು, ಮೆಚ್ಚಿಕೊಳ್ಳುವುದು, ಬಿಡುವುದು. ಆಮೇಲೆ ಬೆರಳಿಗೆ ಪೇಸ್ಟ್ ಹಚ್ಚಿ ನೆಕ್ಕಿಸುವುದು. ಆಮೇಲೆ ಮೃದು ಬ್ರಶ್, ಬಾಯಿ ಮುಚ್ಚಿಯೇ ಇರಲಿ, ಕೆನ್ನೆಯ ಒಳಗಡೆಯಿಂದ ಹೊರ ಮೈ ಮಾತ್ರ, ಒಂದೊಂದು ಕಡೆ ಅರ್ಧ ನಿಮಿಷ. ಪ್ರಾಣಿಗಳ ಪೇಸ್ಟೇ ಆಗಬೇಕು. ನಮ್ಮ ಪೇಸ್ಟಿನಲ್ಲಿ ಫ್ಲೋರೈಡ್, ನೊರೆ ಇರುತ್ತವೆ, ಅವು ಉಗುಳುವುದಿಲ್ಲ, ನುಂಗುತ್ತವೆ. ಕೆಲವದರಲ್ಲಿ ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ. ಇನ್ನೊಂದು, ವಸಡು ಈಗಾಗಲೇ ಕೆಂಪಾಗಿ ರಕ್ತ ಬರುತ್ತಿದ್ದರೆ ಬ್ರಶ್ ಶುರು ಮಾಡಿಸಬೇಡಿ. ಬ್ರಶ್ ಅಂದರೆ ನೋವು ಎಂದು ಅದು ಕಲಿತುಬಿಟ್ಟರೆ ಮತ್ತೆ ಒಪ್ಪಿಸುವುದು ಕಷ್ಟ. ಅಂಥದ್ದಕ್ಕೆ ಮೊದಲು ಚಿಕಿತ್ಸೆ.

ಅಗಿಯುವ ತಿನಿಸು ಕೇಳಿದರೆ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್ ಮುದ್ರೆ ಇರುವುದನ್ನು ಸೂಚಿಸಿ. 1997ರಿಂದ ಇರುವ ಆ ಸಂಸ್ಥೆ ಪ್ಲಾಕ್ ಅಥವಾ ಟಾರ್ಟರ್ ನಿಜವಾಗಿ ಕಡಿಮೆಯಾಗಿದೆ ಎಂಬ ಪುರಾವೆ ನೋಡಿಯೇ ಮುದ್ರೆ ಕೊಡುತ್ತದೆ. ಜಿಂಕೆ ಕೊಂಬು, ಗಟ್ಟಿ ಮೂಳೆ ಬೇಡ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದದ್ದು ದವಡೆ ಹಲ್ಲನ್ನೇ ಸೀಳುತ್ತದೆ.

ಚಿಕ್ಕ ತಳಿಯ ನಾಯಿ ಮತ್ತು ಬೆಕ್ಕುಗಳಿಗೆ ಒಂದು ವರ್ಷಕ್ಕೆ, ದೊಡ್ಡ ತಳಿಗೆ ಎರಡು ವರ್ಷಕ್ಕೆ ಅರಿವಳಿಕೆಯಲ್ಲಿ ಮೊದಲ ಕ್ಲೀನಿಂಗ್ ಎಂದು ಅಮೆರಿಕನ್ ಅನಿಮಲ್ ಹಾಸ್ಪಿಟಲ್ ಅಸೋಸಿಯೇಷನ್‌ನ ಆ ಮಾರ್ಗಸೂಚಿ ಸೂಚಿಸುತ್ತದೆ. ಲಸಿಕೆ ಚೀಟಿಯಲ್ಲೇ ಈ ತಾರೀಖು ಬರೆದುಕೊಡಿ. ಮರಿಯಾಗಿದ್ದಾಗಲೇ ಕಿವಿಗೆ ಬಿದ್ದರೆ ಗಾಬರಿ ಕಡಿಮೆ.

ಈಗಾಗಲೇ ಬೇರೆಡೆ ಎಚ್ಚರದಲ್ಲಿ ಮಾಡಿಸಿಕೊಂಡು ಬಂದವರನ್ನು ಬೈಯಬೇಡಿ. ಅವರು ಅಲಕ್ಷ್ಯ ಮಾಡಿದವರಲ್ಲ, ಕಾಳಜಿ ಇದ್ದವರೇ. ‘ಮೇಲಿನದು ಚೆನ್ನಾಗಿದೆ, ಕೆಳಗಿನದನ್ನು ಒಮ್ಮೆ ನೋಡೋಣ’ ಅಂದರೆ ಸಾಕು.

ಕೊನೆಗೆ ಆ ತಂಡಕ್ಕೆ ಏನು ಹೇಳುವುದು? ಜಗಳ ಬೇಡ. ಇದುವರೆಗೆ ಕ್ಲೀನ್ ಮಾಡಿದ ಒಂದೇ ಒಂದು ನಾಯಿಯ ಚಾರ್ಟ್ ತೋರಿಸಿ ಎಂದು ಕೇಳಿ. 42 ಹಲ್ಲಿನದ್ದೂ ವಸಡಿನ ಆಳ ಮಿಲಿಮೀಟರ್‌ನಲ್ಲಿ ಬರೆದಿರಬೇಕು, ನಾಲಿಗೆ ಕಡೆಯದ್ದೂ ಸೇರಿ, ಜೊತೆಗೆ ಎಕ್ಸ್‌ರೇ. ಅವರು ಮೊದಲು ಮತ್ತು ನಂತರದ ಫೋಟೊ ಮುಂದಿಟ್ಟರೆ ಅದನ್ನು ಚೆನ್ನಾಗಿ ನೋಡಿ ವಾಪಸ್ ಕೊಡಿ, ಚಾರ್ಟ್ ಮತ್ತೆ ಕೇಳಿ.